ಹಳದಿ ಮೀನು ಕಪ್ಪಾದದ್ದು ಯಾಕೆ: ಮಂಡ್ಯದ ಒಂದು ಸಿಕ್ಲಿಡ್ ಟ್ಯಾಂಕಿನ ಪ್ರಕರಣ

ಮನೆ ಇರೋದು ಮಂಡ್ಯದ ಕಲ್ಲಹಳ್ಳಿಯಲ್ಲಿ. ಯಜಮಾನರು ನಿವೃತ್ತ ಹೈಸ್ಕೂಲ್ ಮೇಷ್ಟ್ರು. ಹೆಸರು ಹಾಕಬೇಡಪ್ಪ ಅಂದಿದ್ದಾರೆ, ಆದ್ದರಿಂದ ಇಲ್ಲೂ ಮೇಷ್ಟ್ರೇ. ಮನೆಯಲ್ಲಿ ಅವರ ಹೆಂಡತಿ ಮತ್ತು ಶಾಲೆಗೆ ಹೋಗುವ ಮೊಮ್ಮಗಳು. ಗೃಹಪ್ರವೇಶಕ್ಕೆ ಅಳಿಯ ಒಂದು ಅಕ್ವೇರಿಯಂ ಕೊಡಿಸಿದ್ದರು. 3 ಅಡಿ ಉದ್ದ, 1 ಅಡಿ ಅಗಲ, ಒಂದೂವರೆ ಅಡಿ ಎತ್ತರ. ಲೆಕ್ಕಕ್ಕೆ 127 ಲೀಟರ್. ಮೇಲೆ ಬಿಟ್ಟ ಜಾಗ, ಕೆಳಗಿನ ಜಲ್ಲಿ ಕಳೆದರೆ ನೂರು ಲೀಟರ್ ಮೇಲೆ ಸ್ವಲ್ಪ ನೀರು.

ಮೀನುಗಳು ಮೈಸೂರಿನ ಒಂದು ಅಂಗಡಿಯಿಂದ ಬಂದವು. ಸಿಕ್ಲಿಡ್ ಅನ್ನೋದು ಒಂದು ಮೀನು ಕುಟುಂಬದ ಹೆಸರು. "ಮಿಕ್ಸ್ ಸಿಕ್ಲಿಡ್" ಅಂತ ಒಂದೇ ಕವರಿಗೆ ಹಾಕಿ ಕೊಟ್ಟಿದ್ದರು. ಎಲ್ಲವೂ ಒಂದೂವರೆ ಇಂಚಿನ ಒಳಗಿನ ಮರಿಗಳು: 5 ಎಲೆಕ್ಟ್ರಿಕ್ ಯೆಲ್ಲೋ, ಹಳದಿ ಮೈಗೆ ಕಪ್ಪು ಪಟ್ಟೆ ಇದ್ದ 4 ಮರಿ, 2 ಏಂಜೆಲ್, 1 ಆಸ್ಕರ್. ಗಾಜು ಕ್ಲೀನ್ ಮಾಡ್ಕೊಳ್ಳಲಿ ಅಂತ 1 ಸಕ್ಕರ್ ಮೀನು. ಒಟ್ಟು 13.

ಎಂಟು ತಿಂಗಳ ನಂತರ ಮೇಷ್ಟ್ರು ನನ್ನನ್ನು ಕರೆದಾಗ 7 ಉಳಿದಿದ್ದವು. ಮೊದಲು ಹೋದದ್ದು ಏಂಜೆಲ್‌ಗಳು. ಆಮೇಲೆ ಎರಡು ಪಟ್ಟೆ ಮೀನು, ಎರಡು ಯೆಲ್ಲೋ. ಉಳಿದ ಮೂರು ಯೆಲ್ಲೋಗಳ ಬಾಲ ಹರಿದು ನೂಲಾಗಿತ್ತು. ಆಸ್ಕರ್ ಗೇಣುದ್ದ ಬೆಳೆದಿತ್ತು. ಪಟ್ಟೆ ಮೀನುಗಳಲ್ಲಿ ಒಂದು ಪೂರ್ತಿ ಕಪ್ಪಗಾಗಿತ್ತು.

ಮನೆಯಲ್ಲಿ ಒಬ್ಬೊಬ್ಬರದ್ದು ಒಂದೊಂದು ಕಾರಣ. "ನೀರಲ್ಲೇ ಏನೋ ಇದೆ ಕಣಪ್ಪ" ಅನ್ನೋದು ಮೇಷ್ಟ್ರ ವಾದ. "ಯಾರ್ದೋ ಕಣ್ಣು ಬಿದ್ದದೆ, ಇಲ್ಲಾಂದ್ರೆ ಚಿನ್ನದಂಗಿದ್ದ ಮೀನು ಇಂಗ್ಯಾಕೆ ಕರ್ರಗಾಯ್ತದೆ?" ಅಂತ ಅಮ್ಮ. ಅಳಿಯ ಫೋನಲ್ಲೇ ತೀರ್ಪು ಕೊಟ್ಟಿದ್ದರು: ಸಿಕ್ಲಿಡ್ ಅಂದ್ರೆ ಜಗಳಗಂಟ ಮೀನು, ಒಂದನ್ನೊಂದು ಸಾಯಿಸ್ತವೆ ಅಷ್ಟೇ. ಅಂಗಡಿಯವರು ಒಂದು ನೀಲಿ ಔಷಧಿ ಕೊಟ್ಟು, ಹನಿ ಹಾಕ್ತಾ ಇರಿ ಅಂದಿದ್ದರು. ಗಾಜಿನ ಮೂಲೆಯ ಸಿಲಿಕೋನ್ ಅಂಟೆಲ್ಲ ನೀಲಿ ಹಿಡಿದಿತ್ತು.

ಈ ಟ್ಯಾಂಕಿನಲ್ಲಿ ಇದ್ದದ್ದು ಎರಡು ಬೇರೆ ಬೇರೆ ತೊಂದರೆ. ಎರಡೂ ಒಟ್ಟಿಗೆ ಬಂದಿದ್ದರಿಂದ ಒಂದೇ ಥರ ಕಾಣುತ್ತಿತ್ತು. ಮೀನಿನ ತಪ್ಪನ್ನು ನೀರಿನ ಮೇಲೆ, ನೀರಿನ ತಪ್ಪನ್ನು ಮೀನಿನ ಮೇಲೆ ಹಾಕುತ್ತಾ ಎಂಟು ತಿಂಗಳು ಕಳೆದಿತ್ತು. ಬಿಡಿಸಿ ನೋಡದೆ ಯಾವ ಔಷಧಿ ಹಾಕಿದರೂ ಪ್ರಯೋಜನ ಇರಲಿಲ್ಲ.

ಕಪ್ಪು ಮೀನು

ಟ್ಯಾಂಕಿನ ಮುಂದೆ ಒಂದು ಕುರ್ಚಿ ಹಾಕಿಕೊಂಡು ಸುಮ್ನೆ ಕೂತೆ. ಸಿಕ್ಲಿಡ್ ವಿಷಯದಲ್ಲಿ ಅರ್ಧ ಪರೀಕ್ಷೆ ಇದೇ. ಟೆಸ್ಟ್ ಕಿಟ್ ಆಮೇಲೆ.

ನಡುವೆ ಒಂದು ಪ್ಲಾಸ್ಟಿಕ್ ನಿಧಿ ಪೆಟ್ಟಿಗೆ. ಗಾಳಿ ಬಂದಾಗ ಬಾಯಿ ತೆರೆಯುತ್ತೆ. ಕಪ್ಪು ಮೀನು ಅದರ ಹಿಂದಿನಿಂದ ಹೊರಗೆ ಬಂತು. ಕಪ್ಪು ಮೈ, ಪಕ್ಕದಲ್ಲಿ ತಿಳಿ ನೀಲಿಯ ಗೆರೆ. ಎಲ್ಲ ರೆಕ್ಕೆ ಬಿಚ್ಚಿ, ಪಕ್ಕೆ ತೋರಿಸಿಕೊಂಡು, ಇಡೀ ನೆಲವನ್ನು ಎಡದಿಂದ ಬಲಕ್ಕೆ ಒಂದು ಸುತ್ತು ಹಾಕಿತು. ಯೆಲ್ಲೋಗಳಲ್ಲಿ ಒಂದು ಜಲ್ಲಿಯ ಹತ್ತಿರ ಇಳಿದ ತಕ್ಷಣ ಅದರ ಬಾಲಕ್ಕೇ ಹೋಯಿತು. ಯೆಲ್ಲೋ ಮೇಲಕ್ಕೆ ಓಡಿ ಫಿಲ್ಟರ್ ನೀರು ಬೀಳುವ ಮೂಲೆಯಲ್ಲಿ, ಮೂತಿ ಮೇಲೆ ಮಾಡಿ ನಿಂತಿತು. ಇನ್ನೆರಡು ಆಗಲೇ ಅಲ್ಲಿದ್ದವು. ಮೂರೂ ಬೆಳಗಿನಿಂದ ಸಂಜೆವರೆಗೆ ಅಲ್ಲೇ ಇರ್ತವೆ ಅಂತ ಮೊಮ್ಮಗಳು ಹೇಳಿದಳು. ಊಟ ಹಾಕಿದರೂ ಕೆಳಗೆ ಬರಲ್ಲವಂತೆ. ಉಳಿದ ಇನ್ನೊಂದು ಪಟ್ಟೆ ಮೀನು ಹೀಟರ್ ಹಿಂದೆ ಸೇರಿಕೊಂಡಿತ್ತು.

ಇದು ರೋಗ ಅಲ್ಲ, ಕಣ್ಣು ಬಿದ್ದದ್ದೂ ಅಲ್ಲ. ಪಟ್ಟೆ ಮರಿಗಳು ಮೆಲನೊಕ್ರೋಮಿಸ್ ಔರಾಟಸ್. ಆಫ್ರಿಕಾದ ಮಲಾವಿ ಸರೋವರದ ಮೀನು. ಮರಿಗಳೂ ಹೆಣ್ಣುಗಳೂ ಚಿನ್ನದ ಹಳದಿ, ಮೇಲೆ ಕಪ್ಪು ಪಟ್ಟೆ. ಗಂಡು ಬೆಳೆದು ಜಾಗಕ್ಕೆ ಯಜಮಾನ ಆದಾಗ ಬಣ್ಣ ತಿರುವು ಮುರುವು ಆಗುತ್ತೆ: ಮೈ ಕಪ್ಪು, ಗೆರೆ ತಿಳಿ. ಅಂದರೆ ಅಮ್ಮ ಯಾವುದನ್ನು ಕಾಯಿಲೆ ಬಿದ್ದ ಮೀನು ಅಂದುಕೊಂಡು ಅರಿಶಿನ ನೀರು ಹಾಕೋಣ್ವಾ ಅಂತಿದ್ದರೋ, ಇಡೀ ಟ್ಯಾಂಕಿನಲ್ಲಿ ಗಟ್ಟಿಮುಟ್ಟಾಗಿ ಇದ್ದದ್ದು ಅದೊಂದೇ.

ಔರಾಟಸ್ ಬೆಳೆದರೆ ಹೆಚ್ಚೆಂದರೆ ನಾಲ್ಕೂವರೆ ಇಂಚು. ಆದರೆ ಮಲಾವಿಯ ಬಂಡೆ ಮೀನುಗಳಲ್ಲೇ ಇದು ಮಹಾ ಸಿಟ್ಟಿನದು. ಅಂಗಡಿಯಲ್ಲಿ ಮಾರೋದು ಮರಿ ಇದ್ದಾಗ, ಅದೂ ಆ ಚೆಂದದ ಹಳದಿ ಬಣ್ಣ ನೋಡಿ. ಮೊದಲ ಸಲ ಸಿಕ್ಲಿಡ್ ಸಾಕುವವರಿಗೆ ಇದನ್ನು ಕೊಡಲೇಬಾರದು ಅನ್ನೋದು ನನ್ನ ಖಡಾಖಂಡಿತ ಅಭಿಪ್ರಾಯ. ಸಾಕಲೇಬೇಕು ಅಂದರೆ ನಾಲ್ಕು ಅಡಿಗಿಂತ ಕಡಿಮೆ ಇಲ್ಲದ ಟ್ಯಾಂಕ್, ತುಂಬಾ ಕಲ್ಲು, ಒಂದು ಗಂಡಿಗೆ ನಾಲ್ಕಾರು ಹೆಣ್ಣು ಬೇಕು.

ಇಲ್ಲಿ ಏನಿತ್ತು? ನೆಲ ಬರೀ 3 ಚದರ ಅಡಿ. ಬಚ್ಚಿಟ್ಟುಕೊಳ್ಳೋಕೆ ಒಂದು ನಿಧಿ ಪೆಟ್ಟಿಗೆ, ಒಂದು ಪ್ಲಾಸ್ಟಿಕ್ ಸೇತುವೆ. ಈ ಮೀನುಗಳ ಜಗಳ ಎಲ್ಲ ನೆಲಕ್ಕೆ, ಕಲ್ಲಿನ ಸಂದಿಗೆ. ಟ್ಯಾಂಕಿನ ಎತ್ತರ ನೋಡುವವರಿಗೆ ಚೆಂದ, ಓಡಿಹೋಗುವ ಮೀನಿಗೆ ಅದರಿಂದ ಏನೂ ಇಲ್ಲ. ಏಂಜೆಲ್‌ಗಳ ಕಥೆಯಂತೂ ಇನ್ನೂ ಸರಳ. ಅವು ಅಮೆಜಾನ್ ಕಡೆಯ ನಿಧಾನ ನೀರಿನ, ಉದ್ದ ರೆಕ್ಕೆಯ ಮೀನು. ಬಂಡೆ ಕೆರೆದು ತಿನ್ನೋಕೆ ಹುಟ್ಟಿದ ಬಾಯಿಗಳ ನಡುವೆ ಆ ರೆಕ್ಕೆ ಎಷ್ಟು ದಿನ ಉಳಿಯುತ್ತೆ ಹೇಳಿ.

ಅಳಿಯನ ಮಾತು ಹಾಗಾದರೆ ಸರಿನಾ? ಅರ್ಧ ಮಾತ್ರ. ಸಿಕ್ಲಿಡ್ ಅನ್ನೋದು ಒಂದು ದೊಡ್ಡ ಕುಟುಂಬ. ಮಲಾವಿ ಸರೋವರ ಒಂದರಲ್ಲೇ ನೂರಾರು ಜಾತಿ ಇವೆ. ಆಸ್ಕರ್, ಏಂಜೆಲ್, ಡಿಸ್ಕಸ್ ದಕ್ಷಿಣ ಅಮೆರಿಕದವು. ಅಂಗಡಿಯ ಫ್ಲವರ್ ಹಾರ್ನ್, ಪ್ಯಾರಟ್ ಎರಡೂ ಮನುಷ್ಯರು ಮಾಡಿದ ಮಿಶ್ರತಳಿ. ಒಂದು ಖಂಡದ ಮೀನಿಗೂ ಇನ್ನೊಂದು ಖಂಡದ ಮೀನಿಗೂ ನೀರು ಬೇರೆ, ಊಟ ಬೇರೆ, ಜಗಳದ ರೀತಿ ಬೇರೆ. ಕುಟುಂಬದ ಹೆಸರು ಒಂದೇ ಅಂತ ಒಂದೇ ಕವರಿಗೆ ಹಾಕಿ ಕೊಟ್ಟದ್ದೇ ಮೊದಲ ತೊಂದರೆ.

ಒಳ್ಳೇ ನೀರಿನ ಎಡವಟ್ಟು

ಎರಡನೇ ತೊಂದರೆ ಕಣ್ಣಿಗೆ ಕಾಣುತ್ತಿರಲಿಲ್ಲ. ನೀರು ತಿಳಿಯಾಗಿಯೇ ಇತ್ತು.

ಮೇಷ್ಟ್ರ ಮನೆಯಲ್ಲಿ ಮೂರು ಥರದ ನೀರಿದೆ. ನಲ್ಲಿಯ ಕಾವೇರಿ ನೀರು, ಮನೆ ಹಿಂದಿನ ಬೋರ್ ನೀರು, ಅಡುಗೆಮನೆಯ ಆರ್‌ಒ ನೀರು. ಟ್ಯಾಂಕಿಗೆ ಹಾಕುತ್ತಿದ್ದದ್ದು ಆರ್‌ಒ. "ಬೋರ್ ನೀರಲ್ಲಿ ಬಕೆಟ್ಟೇ ಬೆಳ್ಳಗಾಗ್ತದೆ, ಅದನ್ನ ಮೀನಿಗೆ ಹಾಕೋಕೆ ಮನಸ್ಸು ಬರುತ್ತಾ? ನಾವು ಕುಡಿಯೋದನ್ನೇ ಹಾಕ್ತಿದೀವಿ" ಅಂದರು ಅಮ್ಮ. ಪ್ರೀತಿಯಿಂದಲೇ ಮಾಡಿದ್ದು. ಕ್ಯಾನ್ ಕ್ಯಾನ್ ಹಿಡಿದು ತುಂಬುತ್ತಿದ್ದರು. ಆರ್‌ಒದಿಂದ ಹೊರಗೆ ಹೋಗುವ ವೇಸ್ಟ್ ನೀರು ಪಾತ್ರೆ ತೊಳೆಯೋಕೆ.

ಎಲ್ಲವನ್ನೂ ಅಳೆದೆವು. ಬೋರ್ ನೀರಿನ ಟಿಡಿಎಸ್ (ಕರಗಿರುವ ಲವಣಗಳ ಒಟ್ಟು ಅಳತೆ) 800ರ ಮೇಲೆ, ಪಿಎಚ್ (ನೀರು ಹುಳಿಯೋ ಕ್ಷಾರವೋ ಅನ್ನೋ ಅಳತೆ, 7ಕ್ಕಿಂತ ಕೆಳಗೆ ಹುಳಿ) 7.9, ಕೆಎಚ್ 17. ಕಾವೇರಿ ನೀರಿನ ಪಿಎಚ್ 7.6, ಕೆಎಚ್ 6. ಆರ್‌ಒ ನೀರಿನಲ್ಲಿ ಟಿಡಿಎಸ್ 40ರ ಒಳಗೆ, ಕೆಎಚ್ ಇಲ್ಲವೇ ಇಲ್ಲ ಅನ್ನಬಹುದು. ಇನ್ನು ಟ್ಯಾಂಕಿನ ನೀರು: ಪಿಎಚ್ 6.2, ಕೆಎಚ್ ಸೊನ್ನೆ, ಅಮೋನಿಯಾ ಲೀಟರಿಗೆ 4 ಮಿಲಿಗ್ರಾಂ.

ಕೆಎಚ್ ಅಂದರೆ ನೀರಿನಲ್ಲಿ ಕರಗಿರುವ ಕಾರ್ಬೋನೇಟ್, ಬೈಕಾರ್ಬೋನೇಟ್ ಪ್ರಮಾಣ. ಪಿಎಚ್ ಕುಸಿಯದ ಹಾಗೆ ಹಿಡಿದು ನಿಲ್ಲಿಸೋದು ಇದೇ. ಮನೆಯ ಉಳಿತಾಯದ ದುಡ್ಡಿದ್ದ ಹಾಗೆ: ಇರುವವರೆಗೆ ಯಾರಿಗೂ ಗೊತ್ತಾಗಲ್ಲ, ಖಾಲಿಯಾದ ದಿನ ಎಲ್ಲ ಒಟ್ಟಿಗೆ ಬೀಳುತ್ತೆ. ಮೀನಿನ ಕಿವಿರಿನಿಂದ, ಹಿಕ್ಕೆಯಿಂದ, ತಿನ್ನದೆ ಬಿಟ್ಟ ಊಟದಿಂದ ಅಮೋನಿಯಾ ಬರುತ್ತೆ. ಫಿಲ್ಟರ್ ಸ್ಪಾಂಜಿನಲ್ಲಿ ಕೂತ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತೆ, ಆಮೇಲೆ ನೈಟ್ರೇಟ್. ಈ ಕೆಲಸ ನಡೆಯುವಾಗ ಕಾರ್ಬೋನೇಟ್ ಖರ್ಚಾಗುತ್ತೆ. ಅಮೋನಿಯಾ ರೂಪದ ಸಾರಜನಕ 1 ಮಿಲಿಗ್ರಾಂ ನೈಟ್ರೇಟ್ ಆಗೋಕೆ, ಕ್ಯಾಲ್ಸಿಯಂ ಕಾರ್ಬೋನೇಟ್ ಲೆಕ್ಕದಲ್ಲಿ ಸುಮಾರು 7 ಮಿಲಿಗ್ರಾಂ ಕ್ಷಾರತೆ ಹೋಗುತ್ತೆ. ಆರ್‌ಒ ನೀರಲ್ಲಿ ಅದು ಮೊದಲೇ ಇಲ್ಲ. ಹಾಗಾಗಿ ಪಿಎಚ್ ಇಳಿಯಿತು. ಪಿಎಚ್ ಇಳಿದಾಗ ಬ್ಯಾಕ್ಟೀರಿಯಾ ಕೆಲಸ ನಿಧಾನ ಮಾಡಿದವು. ಅಮೋನಿಯಾ ಉಳಿಯತೊಡಗಿತು. ಮೇಲಿಂದ ಆ ನೀಲಿ ಔಷಧಿ. ಅದು ಮೆಥಿಲೀನ್ ಬ್ಲೂ, ಫಿಲ್ಟರ್ ಇರುವ ಟ್ಯಾಂಕಿಗೆ ಹಾಕುವಂಥದ್ದಲ್ಲ.

ಅಮೋನಿಯಾ 4 ಇದ್ದೂ ಮೀನು ಬದುಕಿದ್ದು ಹೇಗೆ? ಇಲ್ಲೇ ಇರೋದು ಸ್ವಾರಸ್ಯ, ಅಪಾಯ ಕೂಡ. ಹುಳಿ ನೀರಿನಲ್ಲಿ ಅಮೋನಿಯಾ ಹೆಚ್ಚು ಪಾಲು ಅಮೋನಿಯಂ ಆಗಿ ಇರುತ್ತೆ. ಅದರ ವಿಷ ತೀರಾ ಕಡಿಮೆ. ಪಿಎಚ್ ಏರಿದಷ್ಟೂ ಅದು ನಿಜವಾದ ವಿಷ ಅಮೋನಿಯಾ ಆಗುತ್ತೆ. 25 ಡಿಗ್ರಿಯಲ್ಲಿ ಪಿಎಚ್ 6.2 ಇದ್ದಾಗ ವಿಷದ ಪಾಲು ಶೇಕಡಾ 0.1ಕ್ಕಿಂತ ಕಡಿಮೆ. ಪಿಎಚ್ 8ಕ್ಕೆ ಹೋದರೆ ಶೇಕಡಾ 5ರ ಮೇಲೆ. ಹತ್ತಿರ ಹತ್ತಿರ 60 ಪಟ್ಟು.

ಮಲಾವಿ ಮೀನಿಗೆ ಪಿಎಚ್ ಜಾಸ್ತಿ ಇರುವ ಬೋರ್ ನೀರು ಒಳ್ಳೇದು ಅಂತ ಅಳೆಯುವಾಗಲೇ ಹೇಳಿದ್ದೆ. ಲೆಕ್ಕ ಮುಗಿಸೋ ಅಷ್ಟರಲ್ಲಿ ಮೇಷ್ಟ್ರು ಬೋರ್ ಪೈಪ್ ತರೋಕೆ ಎದ್ದಿದ್ದರು.

"ಮೇಷ್ಟ್ರೆ, ಕೂತ್ಕೊಳ್ಳಿ. ಇವತ್ತು ಬೋರ್ ನೀರು ಸುರಿದ್ರೆ ಸಂಜೆ ಹೊತ್ತಿಗೆ ಏಳೂ ಹೋಗ್ತವೆ" ಅಂದೆ.

"ಅಲ್ಲಯ್ಯ, ನೀನೇ ಹೇಳಿದ್ದಲ್ವಾ ಆ ನೀರು ಒಳ್ಳೇದು ಅಂತ?"

"ನೀರು ಒಳ್ಳೇದೇ. ಈಗಿರೋ ಗಲೀಜಿನ ಜೊತೆ ಸೇರಿದರೆ ವಿಷ."

ಮಲಾವಿ ಮೀನಿಗೆ ಬೋರ್ ನೀರು ಒಳ್ಳೇದು ಅಂತ ಕೇಳಿ, ಬಕೆಟ್ ಹಿಡಿದು ಒಂದೇ ಸಲ ಸುರಿದು, ಉಳಿದ ಮೀನನ್ನೂ ಕಳೆದುಕೊಳ್ಳುವವರು ಬಹಳ ಜನ. ಆಗ ಬೈಗುಳ ಬೋರ್ ನೀರಿಗೆ.

ನಾವು ಮಾಡಿದ್ದು ಹೀಗೆ. ಎರಡು ದಿನ ಊಟ ಪೂರ್ತಿ ಬಂದ್. ಮೊದಲ ನಾಲ್ಕು ದಿನ ದಿನಕ್ಕೆ ಕಾಲು ಭಾಗ ನೀರು ತೆಗೆದು ಮತ್ತೆ ಆರ್‌ಒ ನೀರನ್ನೇ ಹಾಕಿದರು. ಪಿಎಚ್ ಏರದೆ ಅಮೋನಿಯಾ ಮಾತ್ರ ಇಳಿಯಬೇಕಿತ್ತು. ಅದು 1ರ ಹತ್ತಿರ ಬಂದ ಮೇಲೆ ಹೊಸ ನೀರಿಗೆ ದಿನಾ ಒಂದೊಂದು ಚೊಂಬು ಕಾವೇರಿ ನೀರು ಸೇರಿಸತೊಡಗಿದರು, ಆಮೇಲೆ ಸ್ವಲ್ಪ ಬೋರ್ ನೀರು. ದಿನಾ ಅಳತೆ. ಮೇಷ್ಟ್ರು ಹಳೆಯ ಹಾಜರಿ ಪುಸ್ತಕ ಒಂದನ್ನು ಹುಡುಕಿ ತೆಗೆದು, ವಿದ್ಯಾರ್ಥಿಗಳ ಹೆಸರಿನ ಜಾಗದಲ್ಲಿ ಪಿಎಚ್, ಕೆಎಚ್, ಅಮೋನಿಯಾ ಅಂತ ಬರೆದು, ತಾರೀಖಿನ ಕೆಳಗೆ ತುಂಬುತ್ತಾ ಹೋದರು. ನಾನು ನೋಡಿದ ಅಕ್ವೇರಿಯಂ ದಾಖಲೆಗಳಲ್ಲಿ ಇಷ್ಟು ಶಿಸ್ತಿನದು ಇನ್ನೊಂದಿಲ್ಲ. ಮೂರನೇ ವಾರದ ಕೊನೆಗೆ ಅಮೋನಿಯಾ ಸೊನ್ನೆ, ಪಿಎಚ್ 7.8.

ಬೋರ್ ನೀರನ್ನೇ ಪೂರ್ತಿ ಹಾಕಬಹುದಿತ್ತಲ್ವಾ? ಹಾಕಲಿಲ್ಲ. ಅದರಲ್ಲೇ ನೈಟ್ರೇಟ್ 40 ಇತ್ತು. ಸುತ್ತ ಕಬ್ಬು, ಭತ್ತದ ಗದ್ದೆ ಇರುವ ಜಾಗ. ಗೊಬ್ಬರದ್ದು ಒಂದಷ್ಟು ನೆಲದ ನೀರಿಗೆ ಇಳಿಯೋದು ಸಹಜ. ನೈಟ್ರೇಟ್ ಕಡಿಮೆ ಮಾಡೋಕೆ ನೀರು ಬದಲಾಯಿಸ್ತೀವಿ, ಬದಲಾಯಿಸುವ ನೀರಲ್ಲೇ ನೈಟ್ರೇಟ್ ಇದ್ದರೆ ಏನು ಬಂತು. ಜೊತೆಗೆ, ಮಲಾವಿ ಅಂದರೆ ವಿಪರೀತ ಗಡಸು ನೀರು ಅನ್ನೋದು ಒಂದು ತಪ್ಪು ತಿಳುವಳಿಕೆ. ಆ ಸರೋವರದ ಪಿಎಚ್ 7.7ರಿಂದ 8.6ರ ನಡುವೆ ಇರುತ್ತೆ, ಆದರೆ ಗಡಸುತನ ಸಾಧಾರಣ. ಮಂಡ್ಯದ ಎಷ್ಟೋ ಬೋರ್‌ಗಳು ಅದಕ್ಕಿಂತ ಬಹಳ ಗಡಸು. ಆದ್ದರಿಂದ ಅರ್ಧ ಬೋರ್, ಅರ್ಧ ಕಾವೇರಿ. ಕಾವೇರಿ ನೀರಿಗೆ ಕ್ಲೋರಿನ್ ಹಾಕಿರ್ತಾರೆ, ಅದಕ್ಕೆ ಒಂದು ಡ್ರಮ್ಮಿನಲ್ಲಿ ಹಿಂದಿನ ದಿನವೇ ತುಂಬಿ ಗಾಳಿ ಬಿಡುತ್ತಾರೆ. ಅವಸರ ಇದ್ದರೆ ಆಂಟಿ ಕ್ಲೋರಿನ್ ಹನಿ.

ಬೋರ್ ಇಲ್ಲದ ಮೈಸೂರಿನ ಫ್ಲಾಟಿನವರು ಕೇಳಬಹುದು, ನಮ್ಮ ಗತಿ ಏನು ಅಂತ. ಕಾವೇರಿ ನೀರಿಗೆ ಅಡುಗೆ ಸೋಡಾ ಸಾಕು. 100 ಲೀಟರಿಗೆ 3 ಗ್ರಾಂ ಹಾಕಿದರೆ ಕೆಎಚ್ ಸುಮಾರು 1 ಏರುತ್ತೆ. ಫಿಲ್ಟರಿನಲ್ಲಿ ಒಂದು ಚೀಲ ಹವಳದ ಚೂರು ಅಥವಾ ಕಪ್ಪೆಚಿಪ್ಪು ಇಟ್ಟರೆ ಇನ್ನೂ ನಿಧಾನವಾಗಿ ಏರುತ್ತೆ.

ಯಾವುದು ಇರಲಿ, ಯಾವುದು ಹೋಗಲಿ

ನೀರಿನದು ನಿಯಮದ ಪ್ರಕಾರ ಸರಿಹೋಯಿತು. ಮೀನು ಆರಿಸೋದು ಹಾಗಲ್ಲ. ಮನೆಯವರ ಮನಸ್ಸೂ ಅದರಲ್ಲಿ ಇರುತ್ತೆ.

ಮೊಮ್ಮಗಳಿಗೆ ಆಸ್ಕರ್ ಮೇಲೆ ಪ್ರಾಣ. ಅವಳು ಬಂದರೆ ಗಾಜಿನ ಹತ್ತಿರ ಬಂದು ಬಾಲ ಅಲ್ಲಾಡಿಸುತ್ತೆ, ಬೆರಳು ಓಡಿಸಿದ ಕಡೆ ಓಡುತ್ತೆ. ಆಸ್ಕರ್ ಅಷ್ಟು ಬುದ್ಧಿ ಇರುವ ಮೀನೇ. ಆದರೆ ಅದು ಒಂದಡಿ ಬೆಳೆಯುತ್ತೆ. ಈ ಟ್ಯಾಂಕಿನ ಅಗಲವೇ ಒಂದಡಿ. ಇನ್ನೊಂದಷ್ಟು ತಿಂಗಳಿಗೆ ಅದಕ್ಕೆ ತಿರುಗೋಕೂ ಜಾಗ ಇರಲ್ಲ. ಒಂದು ಆಸ್ಕರಿಗೆ 300 ಲೀಟರ್ ಅನ್ನೋದು ನಾನು ಕಡಿಮೆ ಲೆಕ್ಕದಲ್ಲಿ ಹೇಳೋದು. ಇಡೀ ಟ್ಯಾಂಕಿನ ಅಮೋನಿಯಾದಲ್ಲಿ ಅರ್ಧಕ್ಕಿಂತ ಜಾಸ್ತಿ ಅದೊಂದರದ್ದೇ ಇದ್ದೀತು. ತಿನ್ನುವಾಗ ಅಗಿದು ಅರ್ಧ ಉಗುಳುವ ಅಭ್ಯಾಸ ಬೇರೆ.

"ಅಂಕಲ್, ದೊಡ್ಡ ಟ್ಯಾಂಕ್ ತಗೊಂಡ್ರೆ?" ಅಂತ ಕೇಳಿದಳು. ಮೇಷ್ಟ್ರು ಹಾಲ್ ಕಡೆ ನೋಡಿದರು. ದಿವಾನ್ ಕಾಟ್ ತೆಗೆಯಬೇಕು. ಅಮ್ಮ ಒಪ್ಪಲಿಲ್ಲ. ಕುವೆಂಪುನಗರದಲ್ಲಿ ನನ್ನ ಗೆಳೆಯರೊಬ್ಬರ ಹತ್ತಿರ 5 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಎತ್ತರದ ಟ್ಯಾಂಕ್ ಖಾಲಿ ಆಗಿತ್ತು. ಮುಚ್ಚಳ ಇರುವ ಬಕೆಟ್, ಬ್ಯಾಟರಿ ಏರ್ ಪಂಪ್, ಕಾರಿನ ಹಿಂದಿನ ಸೀಟಿನಲ್ಲಿ ಮೊಮ್ಮಗಳು. ಶ್ರೀರಂಗಪಟ್ಟಣ ದಾಟುವ ಹೊತ್ತಿಗೆ ಆಸ್ಕರ್ ಬಕೆಟ್ಟಿನ ತಳದಲ್ಲಿ ಒಂದು ಪಕ್ಕಕ್ಕೆ ಮಲಗಿಬಿಟ್ಟಿತು. ಹುಡುಗಿ ಅಳೋಕೆ ಶುರು ಮಾಡಿದಳು. ಆಸ್ಕರ್ ಹೆದರಿದಾಗ, ಮುನಿಸು ಬಂದಾಗ ಹೀಗೆ ಮಲಗೋದು ಮಾಮೂಲಿ. ಹೊಸ ಟ್ಯಾಂಕಿಗೆ ಬಿಟ್ಟ ಮೇಲೂ ಮಾರನೇ ದಿನದವರೆಗೆ ಮಲಗಿಯೇ ಇತ್ತು, ಆಮೇಲೆ ಎದ್ದು ಊಟ ಕೇಳಿತು.

ಸಕ್ಕರ್ ಮೀನಿನದು ಬೇರೆ ಚರ್ಚೆ. ಅದೂ ಒಂದಡಿ ದಾಟುತ್ತೆ. "ಪಾಪ, ನಾಲೆಗೆ ಬಿಟ್ರೆ ಬದುಕ್ಕೊತ್ತದೆ" ಅಂದರು ಅಮ್ಮ. ಬದುಕಿಕೊಳ್ಳುತ್ತೆ ಅನ್ನೋದೇ ತೊಂದರೆ. ವಿಶ್ವೇಶ್ವರಯ್ಯ ನಾಲೆಗೆ ಬಿಟ್ಟದ್ದು ಕೆರೆಗೆ ಹೋಗುತ್ತೆ, ಹೊಳೆಗೆ ಹೋಗುತ್ತೆ. ಅಲ್ಲಿ ಹುಟ್ಟಿ ಬೆಳೆದ ಮೀನಿನ ಊಟ, ಮೊಟ್ಟೆ ಇಡುವ ಜಾಗ ಎರಡನ್ನೂ ತಿನ್ನುತ್ತೆ. ಉದಾಹರಣೆಗೆ ದೂರ ಹೋಗಬೇಕಿಲ್ಲ ಅಂತ ಜಿಲೇಬಿ ಮೀನಿನ ಮಾತು ತೆಗೆದೆ. ಮಂಡ್ಯದಲ್ಲಿ ಜಿಲೇಬಿ ಫ್ರೈ ತಿನ್ನದವರು ಯಾರಿದ್ದಾರೆ? ಅದು ತಿಲಾಪಿಯಾ, ಆಫ್ರಿಕಾದ ಸಿಕ್ಲಿಡ್. ನಮ್ಮ ದೇಶಕ್ಕೆ ಸಾಕಾಣಿಕೆಗೆ ಅಂತ ತಂದದ್ದು 1952ರಲ್ಲಿ. ಈಗ ಕಾವೇರಿಯಲ್ಲೂ ಇದೆ, ಕೆರೆಗಳಲ್ಲೂ ಇದೆ.

ಮೇಷ್ಟ್ರು ನಕ್ಕರು. "ಅಂದ್ರೆ ಇಷ್ಟು ದಿನ ನಾನು ಇವುಗಳ ನೆಂಟರನ್ನ ಹುರಿದು ತಿಂದಿದ್ದೀನಿ ಅನ್ನು." ಅಮ್ಮ ಟ್ಯಾಂಕ್ ಕಡೆ ಒಂದು ಸಲ ನೋಡಿ ಒಳಗೆ ಹೋದರು. ಸಕ್ಕರ್ ಕೂಡ ಕುವೆಂಪುನಗರಕ್ಕೇ ಹೋಯಿತು.

ಕಪ್ಪು ಔರಾಟಸ್ ಮತ್ತು ಅದರ ಜೊತೆಯದನ್ನು ದೊಡ್ಡ ಮಲಾವಿ ಮೀನು ಸಾಕಿರುವ ಇನ್ನೊಬ್ಬರಿಗೆ ಕೊಟ್ಟೆವು. ಅಲ್ಲಿ ಅದಕ್ಕಿಂತ ಎರಡು ಪಟ್ಟು ದೊಡ್ಡ ಗಂಡುಗಳಿದ್ದವು. ಕೆಲವೇ ವಾರಗಳಲ್ಲಿ ನಮ್ಮ ಯಜಮಾನನ ಕಪ್ಪು ಮಾಸಿ, ಮಸುಕು ಕಂದಾಯಿತು. ಅಧಿಕಾರ ಹೋದರೆ ಬಣ್ಣವೂ ಹೋಗುತ್ತೆ. ಫೋಟೋ ಕಳಿಸಿದಾಗ ಅಮ್ಮನಿಗೆ ಸಮಾಧಾನ: "ನೋಡಿದ್ರಾ, ಮನೆ ಬದಲಾಯಿಸಿದ ಮ್ಯಾಲೆ ಗುಣ ಆಯ್ತು." ನಾನು ವಾದ ಮಾಡಲಿಲ್ಲ.

ಉಳಿದ ಟ್ಯಾಂಕಿಗೆ ಏನು? ಮೇಷ್ಟ್ರಿಗೆ ನೀಲಿ, ಕೆಂಪು, ಹಳದಿ ಎಲ್ಲ ಬೇಕಿತ್ತು. ಬಣ್ಣ ಬಣ್ಣದ ಪೀಕಾಕ್ ಸಿಕ್ಲಿಡ್ ಚೆಂದವೇ, ಆದರೆ ನಾಲ್ಕು ಅಡಿಯಾದರೂ ಬೇಕು. ಪುಟ್ಟ ರ‍್ಯಾಮ್ ಸಿಕ್ಲಿಡ್ ಈ ಜಾಗಕ್ಕೆ ಸರಿ, ಆದರೆ ಅದು ಮೆದು ನೀರಿನ, 27 ಡಿಗ್ರಿಗಿಂತ ಬೆಚ್ಚಗಿನ ನೀರಿನ ಮೀನು. ಮನೆ ಹಿಂದೆ ಕೆಎಚ್ 17ರ ಬೋರ್ ಇಟ್ಟುಕೊಂಡು ಅದಕ್ಕಾಗಿ ದಿನಾ ಕ್ಯಾನ್ ಹೊರೋದು ಯಾಕೆ? ಕಾನ್ವಿಕ್ಟ್ ಯಾವ ನೀರಲ್ಲೂ ಬದುಕುತ್ತೆ, ಆದರೆ ಜೋಡಿಯಾಗಿ ಮೊಟ್ಟೆ ಇಟ್ಟ ದಿನದಿಂದ ಇಡೀ ಟ್ಯಾಂಕ್ ತನ್ನದು ಅನ್ನುತ್ತೆ.

ನನಗೆ ಇಷ್ಟವಾದ ಆಯ್ಕೆ ಎರಡಿತ್ತು. ಒಂದು, ಟಾಂಗನಿಕಾ ಸರೋವರದ ಚಿಪ್ಪುವಾಸಿ ಸಿಕ್ಲಿಡ್. ಎರಡು ಇಂಚು ಇಲ್ಲ, ಸತ್ತ ಬಸವನಹುಳದ ಚಿಪ್ಪಿನೊಳಗೆ ಸಂಸಾರ. ಮಂಡ್ಯದ ಗದ್ದೆ ಬದುವಿನಲ್ಲಿ ಸಿಗುವ ಚಿಪ್ಪನ್ನೇ ಚೆನ್ನಾಗಿ ಕುದಿಸಿ ಕೊಟ್ಟರೆ ಸಾಕು. ಆದರೆ ಇಲ್ಲಿನ ಅಂಗಡಿಗಳಲ್ಲಿ ಆ ಮೀನು ಸಿಗೋದು ಅಪರೂಪ. ಎರಡು, ನಮ್ಮದೇ ಆರೆಂಜ್ ಕ್ರೋಮೈಡ್. ಭಾರತಕ್ಕೆ ಸೇರಿದ ಸಿಕ್ಲಿಡ್ ಮೂರೇ ಮೂರು. ಅದರಲ್ಲಿ ಕೆನರಾ ಪರ್ಲ್‌ಸ್ಪಾಟ್ ದಕ್ಷಿಣ ಕನ್ನಡದ ಹೊಳೆಗಳದ್ದು. ಕೇರಳದವರು ಕರಿಮೀನ್ ಅಂತ ಹುರಿದು ತಿನ್ನೋದು ಇನ್ನೊಂದು. ಆರೆಂಜ್ ಕ್ರೋಮೈಡ್ ಮೂರನೆಯದು. ಮೂರು ಇಂಚಿನ ಶಾಂತ ಮೀನು, ಗಡಸು ನೀರಿಗೆ ಹೆದರಲ್ಲ, ಮರಿಗಳು ಅಪ್ಪ ಅಮ್ಮನ ಮೈ ಮೇಲಿನ ಲೋಳೆಯನ್ನೇ ತಿಂದು ಬೆಳೆಯುತ್ತವೆ. ಇದು ಮೇಷ್ಟ್ರಿಗೆ ಬಹಳ ಹಿಡಿಸಿತು. ಆದರೆ ಮೂರು ಯೆಲ್ಲೋ ಕಣ್ಣ ಮುಂದೆ ಇವೆಯಲ್ಲ. "ಅವನ್ನೂ ಓಡಿಸಿದ್ರೆ ಬಂದವರಿಗೆ ಏನು ಹೇಳೋದು" ಅಂದರು ಅಮ್ಮ. ಅಲ್ಲಿಗೆ ತೀರ್ಮಾನ ಆಯಿತು. ಎಲೆಕ್ಟ್ರಿಕ್ ಯೆಲ್ಲೋ ಮಾತ್ರ, ಬೇರೇನೂ ಬೇಡ.

ಅದು ಒಳ್ಳೇ ತೀರ್ಮಾನವೇ. ಎಲೆಕ್ಟ್ರಿಕ್ ಯೆಲ್ಲೋ, ಅಂದರೆ ಲ್ಯಾಬಿಡೊಕ್ರೋಮಿಸ್ ಸೆರೂಲಿಯಸ್, ಮಲಾವಿ ಬಂಡೆ ಮೀನುಗಳಲ್ಲಿ ಸೌಮ್ಯವಾದದ್ದು, ನಾಲ್ಕು ಇಂಚಿಗೆ ನಿಲ್ಲುತ್ತೆ. 3 ಅಡಿ ಟ್ಯಾಂಕಿನಲ್ಲಿ ಒಂದೇ ಜಾತಿಯ ಗುಂಪಾಗಿ ಇರಬಲ್ಲದು.

ಕಲ್ಲು ಕಟ್ಟಿದ್ದು, ಮೀನು ಬಿಟ್ಟದ್ದು

ಬಣ್ಣದ ಜಲ್ಲಿ, ನಿಧಿ ಪೆಟ್ಟಿಗೆ ಹೊರಗೆ ಹೋದವು. ಪಕ್ಕದ ಮನೆ ಕಟ್ಟುವ ಜಾಗದಲ್ಲಿ ಬಿದ್ದಿದ್ದ ಸೈಜುಗಲ್ಲಿನ ತುಂಡುಗಳನ್ನು ಕೇಳಿ ತಂದು, ಬ್ರಶ್ ಹಾಕಿ ತಿಕ್ಕಿ, ಕುದಿಯುವ ನೀರು ಸುರಿದು ತೊಳೆದೆವು. ಗ್ರಾನೈಟ್ ನೀರಿಗೆ ಏನೂ ಬಿಡಲ್ಲ. ಕಲ್ಲು ಮೊದಲು, ಮರಳು ಆಮೇಲೆ. ಇದು ಮುಖ್ಯ. ಈ ಮೀನುಗಳು ಬಾಯಲ್ಲಿ ಮರಳು ತುಂಬಿಕೊಂಡು ತೋಡುತ್ತವೆ. ಮರಳಿನ ಮೇಲೆ ಕಲ್ಲು ಇಟ್ಟರೆ ಒಂದು ದಿನ ಜಾರಿ ಗಾಜು ಒಡೆಯುತ್ತೆ. ತಳದ ಗಾಜಿನ ಮೇಲೆ ತೆಳು ಥರ್ಮಾಕೋಲ್ ಹಾಸಿ, ಅದರ ಮೇಲೆ ಕಲ್ಲು ಭದ್ರ ಮಾಡಿ, ಸುತ್ತ ಮರಳು ಹಾಕಿದೆವು. ಎಂ ಸ್ಯಾಂಡ್ ಬೇಡ ಅಂದೆ, ಅದರ ಅಂಚು ಚೂಪು, ಬಾಯಲ್ಲಿ ಜರಡಿ ಹಿಡಿಯುವ ಮೀನಿಗೆ ಒಳ್ಳೇದಲ್ಲ. ಹಳೆಯ ಚಿಕ್ಕ ಫಿಲ್ಟರ್ ಜೊತೆಗೆ ಒಂದು ದೊಡ್ಡ ಸ್ಪಾಂಜ್ ಫಿಲ್ಟರ್ ಸೇರಿಸಿದೆವು. ಕರೆಂಟ್ ಹೋದಾಗ ಬ್ಯಾಟರಿ ಪಂಪಿನಲ್ಲೂ ಓಡುತ್ತೆ.

ಹೊಸದಾಗಿ ಒಂದೇ ಗಾತ್ರದ 6 ಮರಿ ತಂದರು. ಮೂರು ವಾರ ಬೇರೆ ಪ್ಲಾಸ್ಟಿಕ್ ಟಬ್ಬಿನಲ್ಲಿ ಇಟ್ಟರು. ಬಿಡುವ ದಿನ ಕಲ್ಲುಗಳ ಜಾಗ ಅದಲು ಬದಲು ಮಾಡಿ, ಲೈಟ್ ಆರಿಸಿ, ಒಟ್ಟಿಗೆ ಬಿಟ್ಟರು. ಹಳಬರಿಗೂ ಮನೆ ಹೊಸದು ಅನ್ನಿಸಿದರೆ ಜಗಳ ಕಡಿಮೆ.

ಊಟವೂ ಬದಲಾಯಿತು. ಮೊದಲು ಬಣ್ಣ ಬರಲಿ ಅಂತ ಒಣಗಿದ ಬ್ಲಡ್ ವರ್ಮ್ ದಿನಾ ಎರಡು ಸಲ ಹಾಕುತ್ತಿದ್ದರು. ಬಂಡೆ ಮೇಲಿನ ಪಾಚಿ, ಅದರಲ್ಲಿರುವ ಪುಟ್ಟ ಹುಳ ತಿನ್ನುವ ಮೀನಿನ ಕರುಳು ಉದ್ದ. ಬರೀ ಮಾಂಸದ ಊಟ ಹಾಕಿದರೆ ಹೊಟ್ಟೆ ಉಬ್ಬುವ ಕಾಯಿಲೆ ಬರುವ ಸಂಭವ ಜಾಸ್ತಿ. ಈಗ ಸ್ಪಿರುಲಿನಾ ಪೆಲೆಟ್, ಒಂದು ನಿಮಿಷದಲ್ಲಿ ಖಾಲಿ ಆಗುವಷ್ಟು. ವಾರಕ್ಕೊಮ್ಮೆ ಬಿಸಿ ನೀರಲ್ಲಿ ಅದ್ದಿದ ಪಾಲಕ್ ಎಲೆ. ವಾರಕ್ಕೆ ಒಂದು ದಿನ ಉಪವಾಸ. ಅದು ಶನಿವಾರ ಅಂತ ಅಮ್ಮನೇ ಗೊತ್ತು ಮಾಡಿದ್ದಾರೆ.

ಹಳೆಯ ಮೂರರಲ್ಲಿ ಒಂದು ಉಳಿಯಲಿಲ್ಲ. ಬಿಳಿ ದಾರದಂಥ ಹಿಕ್ಕೆ, ಉಬ್ಬಿದ ಹೊಟ್ಟೆ, ಊಟ ಬಿಟ್ಟಿತು. ತಿಂಗಳುಗಟ್ಟಲೆ ಮೂಲೆಯಲ್ಲಿ ನಿಂತ ಮೀನಿಗೆ ಆ ಹೊತ್ತಿಗೆ ತಡೆದುಕೊಳ್ಳುವ ಶಕ್ತಿ ಇರಲಿಲ್ಲ. ಉಳಿದ ಎರಡರ ಬಾಲ ತುಂಬಿಕೊಂಡಿತು, ನೆಲಕ್ಕೆ ಇಳಿದವು.

ಬೇಸಿಗೆಯಲ್ಲಿ ಒಂದು ಆತಂಕ ಬಂತು. ಏಪ್ರಿಲ್ ಮಧ್ಯಾಹ್ನ ನೀರು 31 ಡಿಗ್ರಿ ದಾಟಿತು. ಬಿಸಿ ನೀರಲ್ಲಿ ಆಮ್ಲಜನಕ ಕಡಿಮೆ, ಮೀನುಗಳು ಮೇಲೆ ಬಂದು ಬಾಯಿ ಆಡಿಸುತ್ತಿದ್ದವು. ಮುಚ್ಚಳ ತೆಗೆದು ಟೇಬಲ್ ಫ್ಯಾನ್ ನೀರಿನ ಮೇಲೆ ತಿರುಗಿಸಿದರು, ಊಟ ಅರ್ಧ ಮಾಡಿದರು. ಐಸ್ ಹಾಕಬೇಡಿ ಅಂತ ಮೊದಲೇ ಹೇಳಿದ್ದೆ. ಡಿಸೆಂಬರಿನ ಬೆಳಗಿನ ಜಾವಕ್ಕೆ ಹೀಟರ್ 25ಕ್ಕೆ ಇಟ್ಟಿರುತ್ತಾರೆ.

ಮಳೆ ಶುರುವಾದ ಮೇಲೆ ಮೊಮ್ಮಗಳು ಒಂದು ವಿಡಿಯೋ ಕಳಿಸಿದಳು. ಒಂದು ಯೆಲ್ಲೋ ಊಟಕ್ಕೆ ಬರುತ್ತಿಲ್ಲ, ಗಲ್ಲ ಉಬ್ಬಿದೆ, ಆಗಾಗ ಏನೋ ಅಗಿದ ಹಾಗೆ ಬಾಯಿ ಆಡಿಸುತ್ತೆ. ಮನೆಯಲ್ಲಿ ಮತ್ತೆ ನೀಲಿ ಔಷಧಿಯ ಮಾತು ಬಂದಿತ್ತಂತೆ. ಅದು ಬಾಯಲ್ಲಿ ಮೊಟ್ಟೆ ಇಟ್ಟುಕೊಂಡ ತಾಯಿ. ಈ ಜಾತಿಯ ಹೆಣ್ಣು ಮೂರು ವಾರದಿಂದ ಒಂದು ತಿಂಗಳವರೆಗೆ ಮೊಟ್ಟೆ, ಮರಿ ಎರಡನ್ನೂ ಬಾಯಲ್ಲೇ ಕಾಯುತ್ತೆ. ಅಷ್ಟೂ ದಿನ ಹೆಚ್ಚುಕಡಿಮೆ ಉಪವಾಸ. ಹೊರಗೆ ಬಂದ ಮರಿಗಳಲ್ಲಿ ಕೆಲವನ್ನು ಉಳಿದ ಮೀನುಗಳು ತಿಂದವು, ಕಲ್ಲಿನ ಸಂದಿಗೆ ಸೇರಿದವು ಉಳಿದವು.

ಈಗಿರುವ ಲೆಕ್ಕ ಹೇಳಬೇಕೆಂದರೆ, 8 ದೊಡ್ಡವು, ಅದರಲ್ಲಿ ಎರಡು ಗಂಡು ಅನ್ನೋದು ಖಚಿತ. ಕೆಳ ರೆಕ್ಕೆಗಳು ಕಡುಕಪ್ಪಾಗಿವೆ, ಬಲಗಡೆಯ ಕಲ್ಲು ಒಬ್ಬನದು, ಎಡಗಡೆಯದು ಇನ್ನೊಬ್ಬನದು. ಸದ್ಯಕ್ಕೆ ನಡುವೆ ನಿಂತು ರೆಕ್ಕೆ ಬಿಚ್ಚಿ ಹೆದರಿಸೋದರಲ್ಲೇ ಮುಗಿಯುತ್ತಿದೆ. ಮೂರನೇ ಗಂಡು ಬಣ್ಣ ತೋರಿಸಿದರೆ ಒಂದನ್ನು ತೆಗೆಯಬೇಕಾಗುತ್ತೆ. ಮರಿಗಳಿಗೆ ಮೇಷ್ಟ್ರ ಹಳೆಯ ಸಹೋದ್ಯೋಗಿಗಳಲ್ಲಿ ಬೇಡಿಕೆ ಇದೆ. ಕೇಳಿ ಬಂದವರಿಗೆ ಮನೆ ನೀರು ಒಂದು ಬಾಟ್ಲಿ ತನ್ನಿ, ಟ್ಯಾಂಕಿನ ಅಳತೆ ಬರೆದುಕೊಂಡು ಬನ್ನಿ ಅಂತ ಹೇಳಿ ಕಳಿಸುತ್ತಾರೆ. ಒಬ್ಬರು ಆರ್‌ಒ ನೀರು ತಂದು ತೋರಿಸಿದರಂತೆ. ಅವರಿಗೆ ಮರಿ ಇನ್ನೂ ಸಿಕ್ಕಿಲ್ಲ.